ಅಮ್ಮನ ಭರಣಿಯ ವರಹ: ಮಾರೋದಾ, ಇಟ್ಟುಕೊಳ್ಳೋದಾ?

ಸಂಪಾದಕರಿಗೆ ನಮಸ್ಕಾರ.

ಮೊದಲೇ ಒಂದು ಮಾತು. ಈ ಪತ್ರ ಹಾಕಿದರೆ ನನ್ನ ಹೆಸರು, ಊರು ಹಾಕಬೇಡಿ. ಮನೆಯಲ್ಲಿ ಹಳೇ ಚಿನ್ನದ ನಾಣ್ಯ ಇದೆ ಅಂತ ಪೇಪರಿನಲ್ಲಿ ಸಾರುವಷ್ಟು ಧೈರ್ಯ ನನಗಿಲ್ಲ. ಸಾಗರ ತಾಲ್ಲೂಕಿನ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಅಂದರೆ ಸಾಕು.

ಮೂವತ್ತೊಂದು ವರ್ಷ ಚಿಲ್ಲರೆ ಎಣಿಸಿದವನು ನಾನು. ಕತ್ತಲಲ್ಲಿ ಬ್ಯಾಗಿಗೆ ಕೈ ಹಾಕಿದರೆ ಯಾವುದು ಒಂದು ರೂಪಾಯಿ, ಯಾವುದು ಎರಡು ಅಂತ ಬೆರಳಿಗೇ ಗೊತ್ತಾಗುತ್ತಿತ್ತು. ಮಧ್ಯೆ ಕೆಲವು ವರ್ಷ ಎರಡೂ ಒಂದೇ ಥರ ಬಂದು ನಮ್ಮ ಜೀವ ತಿಂದವು, ಅದು ಬೇರೆ ಕಥೆ. ನಾಣ್ಯದ ವಿಷಯದಲ್ಲಿ ನನ್ನನ್ನು ಯಾರೂ ಯಾಮಾರಿಸಲಾರರು ಅಂತ ಒಂದು ಜಂಬ ಇತ್ತು. ಅಮ್ಮ ಬಿಟ್ಟು ಹೋದ ಒಂದೇ ಒಂದು ನಾಣ್ಯ ಆ ಜಂಬ ಇಳಿಸಿತು.

ಅಮ್ಮ ಹೋದದ್ದು ಹೋದ ವರ್ಷ ಆಷಾಢದಲ್ಲಿ. ವರ್ಷಾಂತಕ್ಕೆ ಎಲ್ಲರೂ ಸೇರಿದಾಗ ಅಕ್ಕ ಅಮ್ಮನ ಹಿತ್ತಾಳೆ ಭರಣಿ ತಂದು ನಡುಮನೆಯಲ್ಲಿ ಇಟ್ಟಳು. ಕುಂಕುಮ ಹತ್ತಿ ಗಟ್ಟಿಯಾದ ಒಂದು ಬಟ್ಟೆ ಗಂಟು. ಬಿಚ್ಚಿದರೆ ಏಳು ಬೆಳ್ಳಿ ರೂಪಾಯಿ, ಮೂರು ತೂತು ಕಾಸು, ಮತ್ತೆ ಆ ವರಹ, ಹಳೇ ಕಾಲದ ಚಿನ್ನದ ನಾಣ್ಯ. ನನ್ನ ಕಿರುಬೆರಳಿನ ಉಗುರಿನಷ್ಟು ಅಗಲ. ಆದರೆ ದಪ್ಪ. ಅಂಗೈಯಲ್ಲಿ ಇಟ್ಟರೆ ಇಷ್ಟು ಚಿಕ್ಕದು ಇಷ್ಟು ತೂಕ ಹೇಗೆ ಅನಿಸುತ್ತದೆ. ಒಂದು ಕಡೆ ಶಿವ ಪಾರ್ವತಿ ಜೊತೆಯಾಗಿ ಕೂತಿದ್ದಾರೆ. ಕೂತಿದ್ದಾರೆ ಅಂತ ನಮಗೆ ಗೊತ್ತು, ಅಷ್ಟೇ. ಅಮ್ಮ ಪ್ರತಿ ದೀಪಾವಳಿಗೆ ಉಜ್ಜಿ ಉಜ್ಜಿ, ಈಗ ನೋಡುವವರಿಗೆ ಪಕ್ಕಪಕ್ಕ ಎರಡು ಉಬ್ಬು ಮಾತ್ರ ಕಾಣುತ್ತವೆ.

ಅದನ್ನು ನಮ್ಮ ಮನೆಯಲ್ಲಿ 'ಇಕ್ಕೇರಿ ವರಹ' ಅನ್ನುತ್ತಿದ್ದರು. ಇಕ್ಕೇರಿ ನಮಗೆ ಹತ್ತಿರ. ಅಘೋರೇಶ್ವರನ ಜಾತ್ರೆಗೆ ಹೋಗಿ ಬರುವ ಊರು. ಅಲ್ಲಿನ ಅರಸರ ಕಾಲದ್ದು ಅಂತ ಅಜ್ಜಿ ಅಮ್ಮನಿಗೆ ಹೇಳಿದ್ದರು, ಅಮ್ಮ ನಮಗೆ ಹೇಳಿದರು. ಪೂಜೆ ದಿನ ಬಾಳೆಲೆ ಮೇಲೆ ಅಕ್ಕಿ ಹರಡಿ, ಅದರ ಮೇಲೆ ಶಿವನ ಮುಖ ಮೇಲೆ ಮಾಡಿ ಇಡುವುದು. ಹಿಂದಿನ ಮುಖದಲ್ಲಿ ಏನಿದೆ ಅಂತ ನಮ್ಮಲ್ಲಿ ಯಾರೂ ಸರಿಯಾಗಿ ನೋಡಿರಲಿಲ್ಲ. ಚುಕ್ಕಿ ಚುಕ್ಕಿ ಇದೆ, ನಡುವೆ ಒಂದು ಸೊಟ್ಟ ಗೀರು ಇದೆ, ಇಷ್ಟೇ ಗೊತ್ತು.

ಇನ್ನೊಂದು ಹೇಳಬೇಕು. ನಮ್ಮದು ಮುಳುಗಡೆ ಮನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ಏರಿದಾಗ ಊರು ಬಿಟ್ಟು ಬಂದವರು. ನಾನಾಗ ಅಮ್ಮನ ಕಂಕುಳಲ್ಲಿದ್ದೆ. ಗಾಡಿ ಮೇಲೆ ಪಾತ್ರೆ, ಬಾಗಿಲು, ತೊಲೆ ಎಲ್ಲ ಹೇರಿದರಂತೆ. ಈ ಭರಣಿ ಮಾತ್ರ ಅಮ್ಮನ ಮಡಿಲಲ್ಲಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ, ಜನ ಫೋಟೋ ತೆಗೆಯಲು ಹೋಗುತ್ತಾರೆ. ನಮ್ಮ ಮನೆ ಇದ್ದ ಜಾಗ ಯಾವ ಬೇಸಿಗೆಯಲ್ಲೂ ಕಂಡಿಲ್ಲ.

ಇಷ್ಟೆಲ್ಲ ಇದ್ದೂ, ಮಾರೋಣ ಅಂದವರಲ್ಲಿ ನಾನೂ ಒಬ್ಬ. ಅದನ್ನು ಮುಚ್ಚಿಡುವುದಿಲ್ಲ. ನಾವು ನಾಲ್ಕು ಜನ. ನಾಣ್ಯ ಒಂದು. ಕತ್ತರಿಸಿ ಹಂಚಲಿಕ್ಕೆ ಆಗುತ್ತಾ? ತಮ್ಮನಿಗೆ ಮನೆಯ ಹೆಂಚು ಬದಲಾಯಿಸುವ ಖರ್ಚು ತಲೆ ಮೇಲಿತ್ತು. ಮಾರಿ ನಾಲ್ಕು ಪಾಲು ಮಾಡಿದರೆ ಜಗಳವೇ ಇಲ್ಲ ಅಂತ ನನ್ನ ಲೆಕ್ಕ. ಅಕ್ಕ ಮಾತೇ ಆಡಲಿಲ್ಲ, ಗಂಟು ಕಟ್ಟಿ ಎದ್ದು ಹೋದಳು. ತಂಗಿ ಮಗ ಅಮೆರಿಕದಲ್ಲಿದ್ದಾನೆ. ಅವನು ಫೋನಿನಲ್ಲಿ, 'ಮಾವ, ನನಗೆ ಕೊಟ್ಟು ಕಳಿಸಿ, ಇಲ್ಲಿ ಇದಕ್ಕೆ ಜಾಸ್ತಿ ಕೊಡ್ತಾರೆ' ಅಂದ. ಪಾಪ, ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ: ನೂರು ವರ್ಷ ದಾಟಿದ ನಾಣ್ಯ ನಮ್ಮ ದೇಶದಲ್ಲಿ ಪುರಾತನ ವಸ್ತು. ನಾವು ನೀವು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. 1972ರ ಕಾಯ್ದೆ ಇದೆ.

ಮೊದಲು ಒಂದು ಚಿನ್ನದಂಗಡಿಗೆ ಹೋದೆವು. ಅಂಗಡಿಯವರು ತೂಕಕ್ಕೆ ಹಾಕಿದರು. ಮೂರು ಗ್ರಾಂ ನಾನೂರು ಮಿಲಿ ಚಿಲ್ಲರೆ. ನಾವು ಬಾಯಿ ತೆರೆಯುವುದರೊಳಗೆ ಒರೆಗಲ್ಲಿಗೆ ಅಂಚನ್ನು ಒಂದು ಎಳೆ ಎಳೆದೇಬಿಟ್ಟರು. 'ಹಳೇ ಚಿನ್ನ, ಒಳ್ಳೇದಿದೆ, ಕರಗಿಸಿ ಉಂಗುರ ಮಾಡ್ಕೊಡ್ಲಾ?' ಅಂದರು. ಅವರಿಗೆ ಅದು ನಾಣ್ಯವಾಗಿ ಕಾಣಲೇ ಇಲ್ಲ. ಆ ಗೀರು ಈಗಲೂ ಅಂಚಿನಲ್ಲಿದೆ.

ಆಮೇಲೆ ತಮ್ಮನ ಸರದಿ. ಮೊಬೈಲಿನಲ್ಲಿ ಬರುತ್ತದಲ್ಲ, 'ವೈಷ್ಣೋದೇವಿ ಇರುವ ಐದು ರೂಪಾಯಿ ಇದ್ದರೆ ಹತ್ತು ಲಕ್ಷ', 'ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಇಷ್ಟು ಲಕ್ಷ' ಅಂತ. ಅಂಥ ಒಂದಕ್ಕೆ ನಮ್ಮ ವರಹದ ಫೋಟೋ ಕಳಿಸಿದ. ಅರ್ಧ ಗಂಟೆಯಲ್ಲಿ ಉತ್ತರ: ನಿಮ್ಮ ನಾಣ್ಯಕ್ಕೆ ಹದಿನೆಂಟು ಲಕ್ಷ. ಜೊತೆಗೆ ರಿಸರ್ವ್ ಬ್ಯಾಂಕಿನ ಮುದ್ರೆ ಇದ್ದ ಒಂದು ಸರ್ಟಿಫಿಕೇಟು. ನೋಂದಣಿ ಫೀಸು ನಾಲ್ಕೂವರೆ ಸಾವಿರ ಕಟ್ಟಿ ಅಂದರು. ಕಟ್ಟಿದ. ಆಮೇಲೆ ಜಿಎಸ್‌ಟಿ ಅಂತ ಹನ್ನೆರಡು ಸಾವಿರ ಕೇಳಿದಾಗ ಹೆಂಡತಿ ಬೈದಳು, ನಿಲ್ಲಿಸಿದ. ನಾಲ್ಕೂವರೆ ಸಾವಿರ ಹೋಯಿತು. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ: ನಾವು ಹಳೇ ನಾಣ್ಯ, ನೋಟು ಕೊಳ್ಳುವ ಮಾರುವ ವ್ಯವಹಾರ ಮಾಡುವುದಿಲ್ಲ, ಅದಕ್ಕೆ ಫೀಸು ಕಮಿಷನ್ ಕೇಳುವುದಿಲ್ಲ, ನಮ್ಮ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಆ ಸುದ್ದಿ ನಮ್ಮ ಮನೆಗೆ ತಲುಪಲಿಲ್ಲ. ಲಕ್ಷದ ಸುದ್ದಿ ಮಾತ್ರ ದಿನಾ ತಲುಪುತ್ತದೆ.

ಕೊನೆಗೆ ಪೇಪರಿನಲ್ಲಿ ಬೆಂಗಳೂರಿನ ನಾಣ್ಯ ಪ್ರದರ್ಶನದ ಸುದ್ದಿ ನೋಡಿದೆ. ಒಳಜೇಬಿಗೆ ಹಾಕಿ ಪಿನ್ನು ಚುಚ್ಚಿಕೊಂಡು ರಾತ್ರಿ ಬಸ್ಸಿಗೆ ಹತ್ತಿದೆ. ಪ್ಯಾಸೆಂಜರುಗಳಿಗೆ 'ಜೇಬು ಹುಷಾರು' ಅಂತ ಮೂವತ್ತು ವರ್ಷ ಹೇಳಿದವನು, ಆ ರಾತ್ರಿ ಪೂರ್ತಿ ಜೇಬಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಅಲ್ಲಿ ಒಬ್ಬರು ವಯಸ್ಸಾದವರು ಮೇಜು ಹಾಕಿಕೊಂಡು ಕೂತಿದ್ದರು. ಸಂಗ್ರಹಕಾರರು, ವ್ಯಾಪಾರಿಯಲ್ಲ. ನಾನು ಕೊಟ್ಟ ತಕ್ಷಣ ಅಂಚಿನಲ್ಲಿ ಎರಡು ಬೆರಳಲ್ಲಿ ಹಿಡಿದರು, ಮುಖ ಮುಟ್ಟಲಿಲ್ಲ. ಶಿವ ಪಾರ್ವತಿಯನ್ನು ಒಂದು ಕ್ಷಣ ನೋಡಿ, ತಿರುಗಿಸಿ, ಭೂತಗನ್ನಡಿ ಇಟ್ಟರು.

'ಇದನ್ನ ಯಾರು ತೊಳೀತಿದ್ರು?'

'ಅಮ್ಮ.'

'ಏನು ಹಾಕಿ?'

'ಮೊದಲು ಹುಣಸೆಹಣ್ಣು. ಆಮೇಲಾಮೇಲೆ ಸಬೀನಾ.'

ಅವರು ಹಣೆ ಒತ್ತಿಕೊಂಡರು. ಆಮೇಲೆ ನಕ್ಕು, 'ಪುಣ್ಯಕ್ಕೆ ಈ ಕಡೆ ಕಮ್ಮಿ ಉಜ್ಜಿದ್ದಾರೆ' ಅಂತ ಹಿಂದಿನ ಮುಖ ತೋರಿಸಿದರು. ಗಾಜಿನಡಿ ನೋಡಿದರೆ ನಾನು ಗೀರು ಅಂದುಕೊಂಡಿದ್ದು ಗೀರಲ್ಲ, ಅಕ್ಷರ. ಸುತ್ತ ಚುಕ್ಕಿಗಳು, ನಡುವೆ ಪಾರ್ಸಿಯ ಒಂದೇ ಒಂದು ಅಕ್ಷರ. ಹೈದರ್ ಅನ್ನುವ ಹೆಸರಿನ ಮೊದಲ ಅಕ್ಷರವಂತೆ. 'ಇದು ಇಕ್ಕೇರಿ ವರಹ ಅಲ್ಲ ಸ್ವಾಮಿ. ಹೈದರಾಲಿದು. ಬಹದ್ದೂರಿ ವರಹ ಅಂತಾರೆ.'

ನನಗೆ ನಿಜವಾಗಿ ಕಸಿವಿಸಿ ಆಯಿತು. ಅಮ್ಮ ಅಷ್ಟು ವರ್ಷ ಇಕ್ಕೇರಿ ಅಂತ ಪೂಜೆ ಮಾಡಿದ್ದು! ನಾನು, 'ಶಿವ ಪಾರ್ವತಿ ಇದಾರಲ್ಲ ಸಾರ್' ಅಂದೆ. ಅವರು ತಮ್ಮ ಆಲ್ಬಮ್ಮಿನಿಂದ ಇನ್ನೂ ಎರಡು ವರಹ ತೆಗೆದು ಪಕ್ಕದಲ್ಲಿಟ್ಟರು. ಮೂರರಲ್ಲೂ ಅದೇ ಜೋಡಿ. ಒಂದನ್ನು ತಿರುಗಿಸಿದರೆ ನಾಗರಿಯಲ್ಲಿ 'ಶ್ರೀ ಸದಾಶಿವ', ಅದು ಇಕ್ಕೇರಿ ಅರಸರದ್ದು. ಇನ್ನೊಂದರಲ್ಲಿ 'ಶ್ರೀ ಕೃಷ್ಣರಾಜ', ಅದು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದ್ದು. ನಡುವಿನದು ನಮ್ಮದು. ವಿಜಯನಗರದ ವರಹದಲ್ಲಿ ಬಂದಿದ್ದ ಉಮಾಮಹೇಶ್ವರರೇ ಇಕ್ಕೇರಿಗೆ ಬಂದರು, ಅಲ್ಲಿಂದ ಹೈದರನ ನಾಣ್ಯಕ್ಕೆ, ಮುಂದೆ ಒಡೆಯರ ನಾಣ್ಯಕ್ಕೆ. ಟಿಪ್ಪು ಮಾತ್ರ ನಡುವೆ ದೇವರ ಚಿತ್ರ ಬಿಟ್ಟು ಪೂರ್ತಿ ಪಾರ್ಸಿ ಬರಹ ಹಾಕಿಸಿದ.

1763ರಲ್ಲಿ ಹೈದರ್ ಇಕ್ಕೇರಿ ಅರಸರ ಆಗಿನ ರಾಜಧಾನಿ ಬಿದನೂರನ್ನು ರಾಣಿ ವೀರಮ್ಮಾಜಿಯಿಂದ ಗೆದ್ದುಕೊಂಡ ಅಂತ ಶಾಲೆಯಲ್ಲಿ ಓದಿದ್ದೆವು. ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ. ಈಗಿನ ಹೊಸನಗರ ತಾಲ್ಲೂಕಿನ ನಗರ ಅದೇ. ಆ ರೂಟಿನಲ್ಲಿ ಎಷ್ಟು ಸಲ 'ನಗರ, ನಗರ' ಅಂತ ಕೂಗಿದ್ದೇನೋ! ಊರಿನ ಹೆಸರು ಬದಲಿಸಿದವನು ನಾಣ್ಯದ ಶಿವ ಪಾರ್ವತಿಯನ್ನು ಯಾಕೆ ಬಿಟ್ಟ? ನಾನು ಕೇಳಿದೆ. ಅವರು, 'ವ್ಯಾಪಾರಿಗಳ ಕೈಗೆ ಪರಿಚಯದ ನಾಣ್ಯ ಅದು. ಮುಖ ಬದಲಾದರೆ ತಗೋತಾರಾ?' ಅಂದರು.

ಇದು ಮಾತ್ರ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹತ್ತು ರೂಪಾಯಿ ನಾಣ್ಯದ ಗಲಾಟೆ ನೆನಪಿದೆಯಲ್ಲ? ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ ಅಂತ ಯಾರೋ ಹಬ್ಬಿಸಿದರು. ಹದಿನಾಲ್ಕು ಬಗೆಯವೂ ನಡೆಯುತ್ತವೆ ಅಂತ 2018ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿದರೂ ಸಂತೆ ದಿನ ನನ್ನ ಬಸ್ಸಿನಲ್ಲಿ ಒಬ್ಬರೂ ಮುಟ್ಟುತ್ತಿರಲಿಲ್ಲ. 'ಅದು ಬ್ಯಾಡ ಮಾರಾಯ, ನೋಟು ಕೊಡು.' ಸರ್ಕಾರದ ಮುದ್ರೆ ಇದ್ದರೇನು, ಜನ ಕೈ ಚಾಚದಿದ್ದರೆ ಅದು ಬಿಲ್ಲೆ ಅಷ್ಟೇ. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ ಅನ್ನುತ್ತಾರೆ. ಆದರೆ ಚಿಲ್ಲರೆ ವ್ಯವಹಾರ ಚೆನ್ನಾಗಿ ಗೊತ್ತಿತ್ತು.

ಇನ್ನು ಬೆಲೆ. ನಾನು ಎದೆ ಗಟ್ಟಿ ಮಾಡಿಕೊಂಡು ಕೇಳಿದೆ. ಅವರು ಸುತ್ತಿ ಬಳಸಲಿಲ್ಲ. 'ಹಳೇದು ಅಂದ್ರೆ ಅಪರೂಪ ಅಲ್ಲ. ಎಷ್ಟು ಅಚ್ಚು ಹಾಕಿದ್ರು, ಎಷ್ಟು ಉಳಿದಿದೆ, ಯಾವ ಸ್ಥಿತೀಲಿದೆ, ಇಷ್ಟೇ ಲೆಕ್ಕ' ಅಂದರು. ಎರಡು ಸಾವಿರ ವರ್ಷ ಹಳೆಯ ಮುದ್ರಾಂಕಿತ ಬೆಳ್ಳಿ ನಾಣ್ಯಗಳು ಹೊಲದಲ್ಲಿ ಮಡಕೆಗಟ್ಟಲೆ ಸಿಕ್ಕಿವೆಯಂತೆ. ಅವುಗಳಲ್ಲಿ ಸುಮಾರು ನಮ್ಮಂಥವರೂ ಕೊಳ್ಳುವ ಬೆಲೆಗೇ ಸಿಗುತ್ತವಂತೆ. ನಮ್ಮ ಬೆಳ್ಳಿ ರೂಪಾಯಿಗಳನ್ನೂ ಒಂದೊಂದಾಗಿ ತಿರುಗಿಸಿದರು. ಆರನೇ ಜಾರ್ಜ್ ಇದ್ದ ಒಂದರ ಇಸವಿ ನೋಡುವಾಗ ಮಾತ್ರ ಉಸಿರು ಬಿಗಿ ಹಿಡಿದರು. 1940. 'ಛೆ, ಒಂದು ವರ್ಷ! 1939 ಆಗಿದ್ರೆ ನಿಮ್ಮ ವರಹಕ್ಕಿಂತ ಎಷ್ಟೋ ಪಾಲು ಜಾಸ್ತಿ' ಅಂದರು. 1939ರ ರೂಪಾಯಿ ಕೈಗೆ ಸಿಗುವುದೇ ಕಷ್ಟವಂತೆ. 1940ಕ್ಕೆ ಯುದ್ಧದ ಹೊಡೆತಕ್ಕೆ ರೂಪಾಯಿಯ ಬೆಳ್ಳಿಯೂ ಅರ್ಧಕ್ಕೆ ಇಳಿಯಿತು. ನಮ್ಮ ಏಳರಲ್ಲಿ ಒಂದೂ ಅಪರೂಪದ್ದಲ್ಲ.

ವರಹವೂ ಅಷ್ಟೇ. ಹೈದರನ ವರಹ ಸಂಗ್ರಹಕಾರರ ಹತ್ತಿರ ಸಾಕಷ್ಟಿವೆ. ನಮ್ಮದರ ಶಿವನ ತಲೆ ಮೇಲೆ ಅಂಚಿನಲ್ಲಿ ಒಂದು ಬೆಸುಗೆಯ ಗಂಟು ಇದೆ. ಅಜ್ಜಿಯೋ, ಅವರ ಅತ್ತೆಯೋ ಕೊಂಡಿ ಹಾಕಿಸಿ ಸರಕ್ಕೆ ಪೋಣಿಸಿದ್ದ ಗುರುತು. ಕೊಂಡಿ ಹಾಕಿದ ನಾಣ್ಯ ಸಂಗ್ರಹಕಾರರಿಗೆ ಬೇಡ. ಉಜ್ಜಿದ್ದು ಬೇಡ. ಒರೆ ಹಚ್ಚಿದ್ದಂತೂ ಬೇಡವೇ ಬೇಡ. ಎಲ್ಲ ಕಳೆದು ಪಕ್ಕದ ಮೇಜಿನ ವ್ಯಾಪಾರಿ ಹೇಳಿದ್ದು ಆ ದಿನದ ಚಿನ್ನದ ಬೆಲೆಯ ಮೇಲೆ ನಾಲ್ಕು ಸಾವಿರ. ಹದಿನೆಂಟು ಲಕ್ಷ ಎಲ್ಲಿ, ಇದೆಲ್ಲಿ!

ಊರಿಗೆ ಬಂದು ಹೇಳಿದೆ. ತಮ್ಮ, 'ಅಷ್ಟೇನಾ?' ಅಂದ. ಮಾರುವ ಮಾತು ಅಲ್ಲಿಗೇ ನಿಂತಿತು. ನಾವೇನೋ ದೊಡ್ಡ ಮನಸ್ಸು ಮಾಡಿ ಅಮ್ಮನ ನೆನಪು ಉಳಿಸಿಕೊಂಡೆವು ಅಂತ ಬರೆದರೆ ಸುಳ್ಳಾಗುತ್ತದೆ. ನಾಲ್ಕು ಪಾಲು ಮಾಡಿದರೆ ತಲೆಗೆ ಬರುವ ದುಡ್ಡಿನಲ್ಲಿ ಹೆಂಚು ಹೊದಿಸಲು ಆಗುವುದಿಲ್ಲ, ಅದಕ್ಕೆ ಉಳಿಯಿತು. ಹದಿನೆಂಟು ಲಕ್ಷ ನಿಜವಾಗಿದ್ದರೆ ನಾನು ಏನು ಮಾಡುತ್ತಿದ್ದೆ? ಮಾರುತ್ತಿದ್ದೆ. ಅಕ್ಕನಿಗೂ ಇದನ್ನೇ ಹೇಳಿದೆ. 'ಗೊತ್ತು' ಅಂದಳು.

ಆದರೆ ಒಂದು ಬದಲಾಗಿದೆ. ಮೊದಲು ಅದು ನನಗೆ ಪೂಜೆಯ ವಸ್ತು, ಆಮೇಲೆ ಪಾಲಿನ ವಸ್ತು. ಈಗ ಸಂಜೆ ಹೊತ್ತು ಮೊಮ್ಮಗಳನ್ನು ಕೂರಿಸಿಕೊಂಡು, ಅವಳ ಶಾಲೆಯ ಭೂತಗನ್ನಡಿ ಹಿಡಿದು ಎರಡೂ ಮುಖ ನೋಡುತ್ತೇನೆ. ಹಣ, ದುಡ್ಡು, ಕಾಸು ಮೂರೂ ಒಂದು ಕಾಲಕ್ಕೆ ಬೇರೆ ಬೇರೆ ನಾಣ್ಯಗಳ ಹೆಸರು ಅಂತ ಅವಳಿಗೆ ಹೇಳಿಕೊಟ್ಟಿದ್ದೇನೆ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯಿ ಹಣ ಅವರೇಕಾಳಿಗಿಂತ ಚಿಕ್ಕದಿತ್ತು ಅಂದರೆ ಅವಳು ನಂಬುವುದಿಲ್ಲ. ಚಿನ್ನದ ಹಣ. ಅಂಥದ್ದನ್ನು ಆಗಿನವರು ಬೀಳಿಸಿಕೊಳ್ಳದೆ ಹೇಗೆ ಎಣಿಸುತ್ತಿದ್ದರೋ! ನನ್ನ ಬ್ಯಾಗಿನಲ್ಲಾಗಿದ್ದರೆ ಹೊಲಿಗೆ ಸಂದಿಯಲ್ಲೇ ಅರ್ಧ ಹೋಗುತ್ತಿತ್ತು.

ಈಗ ಈ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ಒಂದು ಅಕ್ಷರ ಓದಿಸಿಕೊಳ್ಳಲು ನಾನು ಬೆಂಗಳೂರಿಗೆ ಹೋಗಬೇಕಾಯಿತು. ಅದಕ್ಕೂ ಮೊದಲು ಒರೆಗಲ್ಲಿನ ಗೀರು, ನಾಲ್ಕೂವರೆ ಸಾವಿರ, ಅಕ್ಕನ ಜೊತೆ ಎರಡು ತಿಂಗಳ ಮುನಿಸು. ನಮ್ಮ ಮಲೆನಾಡಿನಲ್ಲಿ ಇಂಥ ಭರಣಿ ಎಷ್ಟು ಮನೆಗಳಲ್ಲಿವೆಯೋ. ಜನ ಯಾಕೆ ಸರ್ಕಾರದವರಿಗೆ ತೋರಿಸುವುದಿಲ್ಲ ಅಂದರೆ ಹೆದರಿಕೆ. ನಿಧಿ ಅಂತ ಕಿತ್ತುಕೊಂಡರೆ? ಗುಡ್ಡದ ಗುಡಿಗಳಲ್ಲಿ ರಾತ್ರಿ ನಿಧಿ ಅಗೆಯುವ ಕಳ್ಳರ ಸುದ್ದಿ ಓದಿ ಓದಿ, ನಮ್ಮನ್ನೂ ಅವರ ಸಾಲಿಗೆ ಸೇರಿಸಿದರೆ ಅಂತ. ನಾನೂ ಹೆದರಿದ್ದೆ. ಮುಳುಗಿದ ಮನೆಯ ನಾಣ್ಯಕ್ಕೆ ರಸೀದಿ ಎಲ್ಲಿಂದ ತರಲಿ?

ತಿಳಿದವರನ್ನು ಕೇಳಿದ ಮೇಲೆ ಗೊತ್ತಾಗಿದ್ದು ಇಷ್ಟು. ಮಣ್ಣಿನಲ್ಲಿ ಹೂತಿದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯಿಂದಲೂ ಅದೇ ನಿಯಮ. ತಲೆಮಾರಿನಿಂದ ಮನೆಯಲ್ಲಿ ಬಂದಿದ್ದನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಪುರಾತನ ವಸ್ತುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಮಾರುವುದಾದರೆ ಅಂಥವರಿಗೇ, ಬಿಲ್ಲು ತೆಗೆದುಕೊಂಡು ಮಾರಬೇಕು. ಇಷ್ಟನ್ನು ಒಂದು ಬೋರ್ಡಿನಲ್ಲಿ ಬರೆದು ತಾಲ್ಲೂಕು ಕಚೇರಿಯಲ್ಲಿ ನೇತುಹಾಕಬಹುದಲ್ವಾ?

ನನ್ನ ಬೇಡಿಕೆ ದೊಡ್ಡದಲ್ಲ. ಶಿವಮೊಗ್ಗದಲ್ಲಿ ಶಿವಪ್ಪ ನಾಯಕನ ಅರಮನೆಯ ಮ್ಯೂಸಿಯಂ ಇದೆ. ಕೆಳದಿಯಲ್ಲಿ ಮ್ಯೂಸಿಯಂ ಇದೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೇ ಮನೆಯಲ್ಲಿ ಬ್ಯಾಂಕಿನವರು ಮಾಡಿದ ನಾಣ್ಯ ಸಂಗ್ರಹಾಲಯ ಇದೆ. ಇಂಥ ಕಡೆ ತಿಂಗಳಿಗೆ ಒಂದು ಶನಿವಾರ, ಗೊತ್ತಿರುವ ಒಬ್ಬರನ್ನು ಒಂದು ಮೇಜು, ಒಂದು ತಕ್ಕಡಿ, ಒಂದು ಭೂತಗನ್ನಡಿ ಕೊಟ್ಟು ಕೂರಿಸಲಿ. ಜನ ತಮ್ಮ ನಾಣ್ಯ ತರಲಿ. ತೂಕ, ಎರಡೂ ಮುಖದ ಫೋಟೋ, ಯಾರ ಕಾಲದ್ದು ಅಂತ ಎರಡು ಸಾಲು ಬರೆದು ಒಂದು ಚೀಟಿ ಕೊಡಲಿ. ಬೆಲೆ ಹೇಳುವುದು ಬೇಡ. ಬೇಕಾದರೆ ಇಪ್ಪತ್ತು ರೂಪಾಯಿ ತೆಗೆದುಕೊಳ್ಳಲಿ, ಟಿಕೆಟ್ ಹರಿದು ಕೊಡಲಿ. ಮಾರುವವರು ಆ ಚೀಟಿ ಹಿಡಿದು ಮಾರಲಿ, ಇಟ್ಟುಕೊಳ್ಳುವವರು ಭರಣಿಯಲ್ಲಿ ಅದನ್ನೂ ಇಡಲಿ. ಹಾಗೆ ಬರೆದಿಟ್ಟರೆ ಯಾವ ಊರಿನ ಯಾವ ಮನೆಯಲ್ಲಿ ಏನು ಉಳಿದಿದೆ ಅಂತ ಇಲಾಖೆಗೂ ಒಂದು ಅಂದಾಜು ಸಿಗುತ್ತದೆ.

ನಾನಂತೂ ನನ್ನ ಕೈಬರಹದಲ್ಲೇ ಒಂದು ಚೀಟಿ ಬರೆದು ಭರಣಿಗೆ ಹಾಕಿದ್ದೇನೆ. ಭರಣಿ ಅಕ್ಕನ ಮನೆಯಲ್ಲಿದೆ. ಸಬೀನಾ ಬೇಡ, ಬರೀ ಹತ್ತಿಬಟ್ಟೆಯಲ್ಲಿ ಸುತ್ತಿಡು ಅಂದಿದ್ದೇನೆ. ಅವಳು, 'ತೊಳೀದೆ ಪೂಜೆಗೆ ಇಡೋಕಾಗುತ್ತಾ?' ಅಂತ ಕೇಳಿದಳು. ಅದಕ್ಕೆ ಆ ಬೆಂಗಳೂರಿನ ಹಿರಿಯರ ಹತ್ತಿರವೂ ಉತ್ತರ ಇರಲಿಲ್ಲ.

ಇಂತಿ,
ಒಬ್ಬ ನಿವೃತ್ತ ಕಂಡಕ್ಟರ್, ಸಾಗರ ತಾಲ್ಲೂಕು

ಮರೆತಿದ್ದೆ: ತಮ್ಮನಂತೆ ಯಾರಾದರೂ ಫೀಸು ಕಟ್ಟಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಂತೆ. ಇವನು ನಾಚಿಕೆಯಿಂದ ಹದಿನೈದು ದಿನ ಬಾಯಿ ಬಿಡಲಿಲ್ಲ. ಈ ಸಾಲನ್ನು ದಯವಿಟ್ಟು ಕತ್ತರಿಸಬೇಡಿ.